ಹೊಸ ಹಡಗಿನ ಮೊದಲ ಯಾನ: ಟಿಕೆಟ್ಟು ಕೊಳ್ಳಬಹುದೆ?

1860ನೆಯ ಇಸವಿಯ ಜೂನ್ 17ರಂದು ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಿಂದ 'ಗ್ರೇಟ್ ಈಸ್ಟರ್ನ್' ಎಂಬ ಹಡಗು ಅಮೆರಿಕದ ಕಡೆಗೆ ತನ್ನ ಮೊದಲ ಯಾನವನ್ನು ಕೈಕೊಂಡಿತು. ಆ ಕಾಲಕ್ಕೆ ಜಗತ್ತಿನಲ್ಲೇ ಅಷ್ಟು ದೊಡ್ಡ ಹಡಗು ಬೇರೊಂದಿರಲಿಲ್ಲ. ನಾಲ್ಕು ಸಾವಿರ ಪ್ರಯಾಣಿಕರು ಕುಳಿತು ಹೋಗುವಂತೆ ಅದನ್ನು ಕಟ್ಟಿದ್ದರು. ಆದರೆ ಅಂದು ಹಣ ತೆತ್ತು ಹತ್ತಿದವರ ಸಂಖ್ಯೆ ನಲವತ್ತನ್ನೂ ಮುಟ್ಟಲಿಲ್ಲ. ಸಿಬ್ಬಂದಿಯವರೇ ನಾನೂರಕ್ಕಿಂತ ಹೆಚ್ಚಿದ್ದರು! ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ ಪರೀಕ್ಷಾಯಾನದ ವೇಳೆ ಅದರ ಹೊಗೆಕೊಳವೆಯ ಸುತ್ತಲಿದ್ದ ನೀರಿನ ಕವಚವು ಸಿಡಿದು ಕುಲುಮೆಯಾಳುಗಳು ಸತ್ತಿದ್ದರು. ಆವಿ ಹೊರಹೋಗಬೇಕಾದ ದಾರಿಯ ಕವಾಟವೊಂದು ಮುಚ್ಚಿಕೊಂಡಿದ್ದುದೇ ಅದಕ್ಕೆ ಕಾರಣ. ಇದನ್ನು ಕೇಳಿದ ಜನ ಹೆದರಿ ದೂರ ಉಳಿದದ್ದು ಆಶ್ಚರ್ಯವಲ್ಲ. ಆದರೂ ಹಡಗು ಜೂನ್ 28ರಂದು ಸುಖವಾಗಿ ನ್ಯೂಯಾರ್ಕನ್ನು ಸೇರಿತು.

ಇದಾದ ಐವತ್ತೆರಡು ವರ್ಷಗಳಿಗೆ, 1912ರ ಏಪ್ರಿಲ್ 10ರಂದು, ಅದೇ ಸೌತಾಂಪ್ಟನ್ನಿನಿಂದ 'ಟೈಟಾನಿಕ್' ಹೊರಟಿತು. ಅದರ ಮೇಲೆ ಜನರಿಗೆ ಪೂರ್ಣ ನಂಬಿಕೆಯಿತ್ತು. ಏಪ್ರಿಲ್ 15ರ ಬೆಳಗಿನ ಜಾವದಲ್ಲಿ ಅದು ಸಾಗರದ ತಳವನ್ನು ಸೇರಿತು. 1,500ಕ್ಕೂ ಹೆಚ್ಚು ಜನ ಪ್ರಾಣ ತೆತ್ತರು.

ಹೀಗೆ ಹೆದರಿದವರ ಹೆದರಿಕೆಯೂ ಸುಳ್ಳಾಯಿತು, ನಂಬಿದವರ ನಂಬಿಕೆಯೂ ಸುಳ್ಳಾಯಿತು. ಅಂದ ಮೇಲೆ ಹೊಸ ಹಡಗಿನ ಮೊದಲ ಯಾನಕ್ಕೆ ಟಿಕೆಟ್ಟು ಕೊಳ್ಳಬಹುದೆ ಎಂಬ ಪ್ರಶ್ನೆಯನ್ನು ಹೆದರಿಕೆಗೂ ನಂಬಿಕೆಗೂ ಬಿಡದೆ, ಭೌತಶಾಸ್ತ್ರದ ಮತ್ತು ಸಂಭವಗಣಿತದ ಮುಂದಿಟ್ಟು ವಿಚಾರಿಸುವುದು ಲೇಸು. ಈ ಲೇಖನದಲ್ಲಿ ನಾವು ಮಾಡಹೊರಟಿರುವುದು ಅದನ್ನೇ.

ಮೊದಲ ಯಾನ ನಿಜವಾಗಿ ಮೊದಲನೆಯದೆ?

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರಮಾಡೋಣ. 'ಮೊದಲ ಯಾನ' ಎಂದರೆ ಹಡಗು ಮೊಟ್ಟಮೊದಲಿಗೆ ಕಡಲಿಗಿಳಿಯುವ ದಿನವಲ್ಲ. ಹಣ ಕೊಟ್ಟ ಪ್ರಯಾಣಿಕರನ್ನು ಹೊತ್ತು ಮೊದಲ ಸಲ ಹೊರಡುವ ದಿನ. ಅದಕ್ಕೆ ಮುಂಚೆಯೇ ಹಡಗು ನೂರಾರು ಮೈಲಿ ಓಡಿರುತ್ತದೆ. ಫಿನ್ಲೆಂಡಿನ ತುರ್ಕು ನಗರದಲ್ಲಿ ಕಟ್ಟಿದ 'ಐಕಾನ್ ಆಫ್ ದಿ ಸೀಸ್' ಎಂಬ ವಿಹಾರನೌಕೆಯನ್ನೇ ನೋಡಿ. 365 ಮೀಟರ್ ಉದ್ದದ ಈ ಹಡಗಿನ ಕಡಲಪರೀಕ್ಷೆಗಳು 2023ರ ಜೂನಿನಲ್ಲಿ ಆರಂಭವಾದವು. ನವೆಂಬರ್ 27ರಂದು ಕಟ್ಟಿದವರು ಅದನ್ನು ಒಡೆಯರಿಗೆ ಒಪ್ಪಿಸಿದರು. ಬಳಿಕ ಅದು ಅಟ್ಲಾಂಟಿಕ್ ಸಾಗರವನ್ನು ದಾಟಿ ಅಮೆರಿಕವನ್ನು ಮುಟ್ಟಿತು. ಪ್ರಯಾಣಿಕರೊಡನೆ ಮಯಾಮಿಯಿಂದ ಮೊದಲ ಯಾನ ಹೊರಟದ್ದು 2024ರ ಜನವರಿ 27ರಂದು, ಎಂದರೆ ಒಪ್ಪಿಸಿದ ಎರಡು ತಿಂಗಳ ನಂತರ.

ಆದರೆ ಇದೇ ಹಡಗಿನ ಟಿಕೆಟ್ಟುಗಳ ಮಾರಾಟವು 2022ರ ಅಕ್ಟೋಬರಿನಲ್ಲೇ ಶುರುವಾಗಿತ್ತು. ಆಗ ಹಡಗಿನ ಒಡಲು ಇನ್ನೂ ಕಟ್ಟೆಯ ಮೇಲೆ ರೂಪುಗೊಳ್ಳುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಮಾತು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಟಿಕೆಟ್ಟು ಕೊಳ್ಳುವವನು ನಿರ್ಧಾರ ಮಾಡುವ ಹೊತ್ತಿಗೆ ಪರೀಕ್ಷೆಗಳು ಒಂದೂ ನಡೆದಿರುವುದಿಲ್ಲ. ಆದ್ದರಿಂದ ಆ ಪರೀಕ್ಷೆಗಳು ಯಾವ ದೋಷವನ್ನು ಹೊರಗೆಳೆಯಬಲ್ಲವು, ಯಾವುದನ್ನು ಪ್ರಯಾಣಿಕನ ಪಾಲಿಗೆ ಉಳಿಸಿಬಿಡುತ್ತವೆ ಎಂಬುದನ್ನು ಅವನು ಮುಂದಾಗಿ ತಿಳಿದಿರಬೇಕು.

ಹಡಗು ಮಗುಚೀತೆ?

ಎಲ್ಲಕ್ಕಿಂತ ಘೋರವಾದ ದೋಷವೆಂದರೆ ಹಡಗು ಸ್ಥಿರವಾಗಿ ತೇಲದಿರುವುದು. ಆರ್ಕಿಮಿಡೀಸನ ತತ್ತ್ವವನ್ನು ವಾಚಕರು ಬಲ್ಲರು: ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಹಡಗಿನ ತೂಕವು ಅದರ ಗುರುತ್ವಕೇಂದ್ರದ ಮೂಲಕ ಕೆಳಕ್ಕೆ ಎಳೆಯುತ್ತದೆ. ನೀರಿನ ಒತ್ತುವಿಕೆಯು ಮುಳುಗಿದ ಭಾಗದ ಕೇಂದ್ರದ ಮೂಲಕ ಮೇಲಕ್ಕೆ ತಳ್ಳುತ್ತದೆ. ಹಡಗು ನೆಟ್ಟಗಿರುವಾಗ ಎರಡೂ ಬಲಗಳು ಒಂದೇ ಲಂಬರೇಖೆಯಲ್ಲಿರುತ್ತವೆ. ಅದು ಬಲಕ್ಕೆ ವಾಲಿತೆನ್ನಿ: ಬಲಭಾಗ ಹೆಚ್ಚು ಮುಳುಗುವುದರಿಂದ ಮೇಲೆತ್ತುವ ಬಲವೂ ಬಲಕ್ಕೆ ಸರಿಯುತ್ತದೆ. ಈ ಬಲದ ಹೊಸ ರೇಖೆಯು ಹಡಗಿನ ನಡುರೇಖೆಯನ್ನು ಸಂಧಿಸುವ ಬಿಂದುವಿಗೆ 'ಮೆಟಾಸೆಂಟರ್' ಎಂದು ಹೆಸರು. ಫ್ರಾನ್ಸಿನ ವಿಜ್ಞಾನಿ ಪಿಯರ್ ಬುಗೆ 1746ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಲ್ಪನೆಯನ್ನು ವಿವರಿಸಿದನು. ಮೆಟಾಸೆಂಟರು ಗುರುತ್ವಕೇಂದ್ರಕ್ಕಿಂತ ಮೇಲಿದ್ದರೆ ಎರಡು ಬಲಗಳೂ ಕೂಡಿ ಹಡಗನ್ನು ಮತ್ತೆ ನೆಟ್ಟಗೆ ನಿಲ್ಲಿಸುತ್ತವೆ. ಕೆಳಗಿದ್ದರೆ ಅವೇ ಅದನ್ನು ಇನ್ನಷ್ಟು ವಾಲಿಸುತ್ತವೆ. ಈ ಎರಡು ಬಿಂದುಗಳ ನಡುವಣ ಎತ್ತರವೇ ಹಡಗಿನ ಸ್ಥಿರತೆಯ ಅಳತೆಗೋಲು.

ಇದನ್ನು ಅರಿಯದ ಕಾಲದ ಒಂದು ದುರಂತ ಪ್ರಸಿದ್ಧವಾಗಿದೆ. ಸ್ವೀಡನ್ನಿನ ದೊರೆ ಗುಸ್ಟಾವ್ ಅಡಾಲ್ಫನ 'ವಾಸಾ' ಎಂಬ ಯುದ್ಧನೌಕೆ 1628ರ ಆಗಸ್ಟ್ 10ರಂದು ಸ್ಟಾಕ್‌ಹೋಮಿನಿಂದ ಮೊದಲ ಯಾನಕ್ಕೆ ಹೊರಟಿತು. ಅದರ ಮೇಲೆ 64 ಫಿರಂಗಿಗಳಿದ್ದವು. ಸುಮಾರು 1,300 ಮೀಟರು ಸಾಗುವಷ್ಟರಲ್ಲಿ ಗಾಳಿಯ ಹೊಡೆತವೊಂದಕ್ಕೆ ವಾಲಿ, ತೆರೆದಿದ್ದ ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿ, ಊರಿನವರ ಕಣ್ಣೆದುರಿಗೇ ಮುಳುಗಿತು. ಅದರ ಮೇಲ್ಭಾಗದಲ್ಲಿ ಭಾರ ಅತಿಯಾಗಿತ್ತು. ತಳದಲ್ಲಿ ಹೇರಿದ್ದ ಕಲ್ಲಿನ ಭಾರ ಅದಕ್ಕೆ ಸಾಲದಾಗಿತ್ತು.

ಇದರಲ್ಲಿ ನಾವು ಗಮನಿಸತಕ್ಕ ಸಂಗತಿ ಬೇರೊಂದಿದೆ. ಯಾನಕ್ಕೆ ಮುಂಚೆಯೇ ಹಡಗನ್ನು ಪರೀಕ್ಷಿಸಿದ್ದರು! ಮೂವತ್ತು ಆಳುಗಳನ್ನು ಹಡಗಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಒಟ್ಟಾಗಿ ಓಡಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ಜೋರಾಗಿ ತೂಗಿತೆಂದರೆ, ಅದು ಅಲ್ಲೇ ಮಗುಚೀತೆಂದು ಹೆದರಿ ಪರೀಕ್ಷೆಯನ್ನು ನಿಲ್ಲಿಸಲಾಯಿತು. ಆದರೆ ಹಡಗನ್ನು ನಿಲ್ಲಿಸಲಿಲ್ಲ. ದೊರೆಗೆ ಅವಸರವಿತ್ತು, ಅವನಿಗೆ ಸತ್ಯವನ್ನು ಹೇಳುವವರಿರಲಿಲ್ಲ.

ಇಂದಿನ ಪರೀಕ್ಷೆಯೂ ತತ್ತ್ವದಲ್ಲಿ ಅದೇ. ಆಳುಗಳ ಓಟಕ್ಕೆ ಬದಲಾಗಿ ಅಳತೆ ಬಂದಿದೆ. ಲೆಕ್ಕಕ್ಕಾಗಿ 50,000 ಟನ್ನು ತೂಕದ ಒಂದು ಹಡಗನ್ನು ತೆಗೆದುಕೊಳ್ಳೋಣ. ಅದರ ಮೇಲೆ 100 ಟನ್ನು ಭಾರವನ್ನು ಅಡ್ಡಲಾಗಿ 20 ಮೀಟರು ಸರಿಸಿದೆವೆನ್ನಿ. ವಾಲಿಸುವ ಪರಿಣಾಮವು 100 × 20 = 2,000 ಟನ್-ಮೀಟರ್. ಹಡಗಿನೊಳಗೆ ಇಳಿಬಿಟ್ಟ 5 ಮೀಟರ್ ಉದ್ದದ ತೂಗುಗುಂಡು 10 ಸೆಂಟಿಮೀಟರು ಸರಿಯಿತೆಂದಾದರೆ, ವಾಲುವಿಕೆಯು 10 ÷ 500, ಎಂದರೆ 0.02. ಹಡಗನ್ನು ನೆಟ್ಟಗೆ ನಿಲ್ಲಿಸುವ ಪರಿಣಾಮವು ತೂಕ, ಸ್ಥಿರತೆಯ ಎತ್ತರ ಮತ್ತು ಈ ವಾಲುವಿಕೆಗಳ ಗುಣಲಬ್ಧ; ಅದು 2,000ಕ್ಕೆ ಸಮನಾಗಿರಬೇಕು. 50,000 × 0.02 = 1,000 ಆದ್ದರಿಂದ ಸ್ಥಿರತೆಯ ಎತ್ತರ 2 ಮೀಟರು. ಒಂದು ದಾರ, ಒಂದು ಗುಂಡು, ಒಂದು ಅಳತೆಪಟ್ಟಿ ಇಷ್ಟರಿಂದಲೇ ಅಷ್ಟು ದೊಡ್ಡ ಹಡಗಿನ ಗುಟ್ಟು ಬಯಲಾಯಿತು!

ಪ್ರಯಾಣಿಕರ ಹಡಗುಗಳಿಗೆ ಈ ಪರೀಕ್ಷೆ ಇಂದು ಕಡ್ಡಾಯ. ಆದ್ದರಿಂದ ವಾಸಾದ ಬಗೆಯ ಮರಣವನ್ನು ಹೊಸ ಹಡಗಿನಲ್ಲಿ ಭಯಪಡಬೇಕಾದ ಕಾರಣ ಬಹಳ ಕಡಿಮೆ.

ಕಂಪನವೆಂಬ ಪೀಡೆ

ಎರಡನೆಯ ದೋಷ ಅಷ್ಟು ಘೋರವಲ್ಲ, ಆದರೆ ಹಿಡಿಯುವುದು ಕಷ್ಟ. 1935ರ ಮೇ 29ರಂದು ಫ್ರಾನ್ಸಿನ 'ನಾರ್ಮಂಡಿ' ಹಡಗು ಮೊದಲ ಯಾನ ಹೊರಟು, ಅಟ್ಲಾಂಟಿಕ್ ಸಾಗರವನ್ನು ದಾಟುವ ವೇಗದಲ್ಲಿ ದಾಖಲೆಯನ್ನು ಸ್ಥಾಪಿಸಿತು. ಆದರೆ ಹಿಂಭಾಗದಲ್ಲಿದ್ದ ಪ್ರಯಾಣಿಕರಿಗೆ ಆ ದಾಖಲೆಯ ಸಂತೋಷವನ್ನು ಅನುಭವಿಸಲಾಗಲಿಲ್ಲ. ಅಲ್ಲಿ ಕಂಪನವು ತೀವ್ರವಾಗಿತ್ತು.

ಪ್ರೊಪೆಲರಿನ ಪ್ರತಿಯೊಂದು ಅಲಗೂ ಹಡಗಿನ ಒಡಲಿನ ಸಮೀಪ ಹಾಯುವಾಗ ನೀರಿನ ಮೂಲಕ ಒಡಲಿಗೆ ಒಂದು ತಟ್ಟು ಕೊಡುತ್ತದೆ. ಪ್ರೊಪೆಲರು ಸೆಕೆಂಡಿಗೆ 2 ಸುತ್ತು ತಿರುಗಿ, ಅದಕ್ಕೆ 3 ಅಲಗುಗಳಿದ್ದರೆ, ಸೆಕೆಂಡಿಗೆ 6 ತಟ್ಟುಗಳು. ಉಕ್ಕಿನ ಒಡಲಿಗೂ ಅದರ ಕಂಬ ತೊಲೆಗಳಿಗೂ ತಮ್ಮವೇ ಆದ ಸಹಜ ಕಂಪನಾವೃತ್ತಿಗಳಿವೆ. ತಟ್ಟುಗಳ ಆವೃತ್ತಿ ಇವುಗಳಲ್ಲಿ ಒಂದಕ್ಕೆ ಸಮೀಪವಾದರೆ ಅನುರಣನ ಉಂಟಾಗಿ ಸಣ್ಣ ತಟ್ಟೇ ದೊಡ್ಡ ನಡುಕವಾಗುತ್ತದೆ. ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳುವ ಮಗುವಿಗೆ ಈ ತತ್ತ್ವ ಗೊತ್ತು. ನಾರ್ಮಂಡಿಯ ಮೂರಲಗಿನ ಪ್ರೊಪೆಲರುಗಳನ್ನು ತೆಗೆದು ನಾಲ್ಕಲಗಿನವನ್ನು ಹಾಕಿದ ಮೇಲೆ ಕಂಪನ ಬಹುಮಟ್ಟಿಗೆ ಇಳಿಯಿತು. ಅಲಗುಗಳ ಸಂಖ್ಯೆ ಬದಲಾದರೆ ತಟ್ಟುಗಳ ಆವೃತ್ತಿಯೂ ಬದಲಾಗುತ್ತದೆ, ಒಂದೊಂದು ತಟ್ಟಿನ ಬಲವೂ ತಗ್ಗುತ್ತದೆ. ಆದರೆ ಈ ಚಿಕಿತ್ಸೆ ನಡೆದದ್ದು ಮುಂದಿನ ಚಳಿಗಾಲದಲ್ಲಿ; ಅದರ ಫಲ ದೊರೆತದ್ದು 1936ರ ಪ್ರಯಾಣಿಕರಿಗೆ.

ಹಡಗಿನ ತೂಗಾಟವೂ ಇಂಥದೇ. ಮೇಲೆ ಲೆಕ್ಕ ಹಾಕಿದ ಹಡಗಿನ ಅಗಲ 40 ಮೀಟರಾಗಿದ್ದರೆ, ಅದು ಒಂದು ಸಲ ಅತ್ತಿತ್ತ ತೂಗಲು ಸುಮಾರು 23 ಸೆಕೆಂಡು ಹಿಡಿಯುತ್ತದೆ. ಸ್ಥಿರತೆಯ ಎತ್ತರವನ್ನು 4 ಮೀಟರಿಗೆ ಏರಿಸಿದರೆ ಈ ಅವಧಿ 16 ಸೆಕೆಂಡಿಗೆ ಇಳಿಯುತ್ತದೆ. ಹಡಗು ಇನ್ನಷ್ಟು ಭದ್ರವಾಯಿತು ನಿಜ, ಆದರೆ ತೂಗಾಟ ಬಿರುಸಾಗಿ ಪ್ರಯಾಣಿಕರ ಹೊಟ್ಟೆ ತೊಳಸುತ್ತದೆ. 1936ರಲ್ಲಿ ಹೊರಟ 'ಕ್ವೀನ್ ಮೇರಿ' ಹಡಗು ಬಿರುಗಡಲಿನಲ್ಲಿ ವಿಪರೀತ ತೂಗುತ್ತಿತ್ತು. ಅದನ್ನು ತಗ್ಗಿಸುವ ರೆಕ್ಕೆಗಳನ್ನು ಅದರ ಪಕ್ಕಗಳಿಗೆ ಜೋಡಿಸಿದ್ದು 1958ರಲ್ಲಿ. ಪ್ರಶಾಂತವಾದ ನೀರಿನಲ್ಲಿ ನಡೆಯುವ ಪರೀಕ್ಷೆ ಬಿರುಗಾಳಿಯ ಅನುಭವವನ್ನು ಕೊಡಲಾರದಷ್ಟೆ.

ಬಾಲಾರಿಷ್ಟದ ಗಣಿತ

ಹೊಸ ಯಂತ್ರಗಳಿಗೂ ಶಿಶುಗಳಂತೆ ಬಾಲಾರಿಷ್ಟವುಂಟು. ಯಂತ್ರವು ಕೆಡುವ ಪ್ರಮಾಣವನ್ನು ಅದರ ವಯಸ್ಸಿಗೆ ಎದುರಾಗಿ ರೇಖಿಸಿದರೆ, ಮೊದಲು ಎತ್ತರದಿಂದ ಇಳಿದು, ನಡುವೆ ಬಹುಕಾಲ ಸಮತಟ್ಟಾಗಿ ಸಾಗಿ, ಮುಪ್ಪಿನಲ್ಲಿ ಮತ್ತೆ ಏರುವ ವಕ್ರರೇಖೆ ದೊರೆಯುತ್ತದೆ. ಸ್ನಾನದ ತೊಟ್ಟಿಯ ಅಡ್ಡಸೀಳಿಕೆಯಂತಿರುವುದರಿಂದ ಎಂಜಿನಿಯರರು ಇದನ್ನು ತೊಟ್ಟಿಯ ರೇಖೆಯೆಂದೇ ಕರೆಯುತ್ತಾರೆ.

ಇದರ ಹಿಂದಿನ ಗಣಿತ ಸರಳವಾದುದು. ಹಡಗಿನಲ್ಲಿ ನಲ್ಲಿ, ಕವಾಟ, ಪಂಪು, ದೀಪ, ಬಾಗಿಲು ಎಲ್ಲ ಸೇರಿ 10,000 ಭಾಗಗಳಿವೆಯೆಂದೂ, ಪ್ರತಿಯೊಂದೂ ಮೊದಲ ಯಾನದಲ್ಲಿ ಕೆಡದೆ ಉಳಿಯುವ ಸಂಭವ 0.9999 ಎಂದೂ ಇಟ್ಟುಕೊಳ್ಳೋಣ. ಎಂದರೆ ಹತ್ತು ಸಾವಿರಕ್ಕೆ ಒಂದು ಪಾಲು ಮಾತ್ರ ಸಂಶಯ. ಆದರೆ ಒಂದೂ ಕೆಡದೆ ಎಲ್ಲವೂ ಸರಿಯಾಗಿರುವ ಸಂಭವವೆಷ್ಟು? 0.9999ನ್ನು ಹತ್ತು ಸಾವಿರ ಸಲ ಗುಣಿಸಿದರೆ ಬರುವುದು ಸುಮಾರು 0.37. ಅರ್ಥಾತ್, ನೂರು ಹಡಗುಗಳಲ್ಲಿ 63ರಲ್ಲಿ ಏನಾದರೊಂದು ಕೆಟ್ಟೇ ಕೆಡುತ್ತದೆ! ಹೊಸ ಹಡಗಿನಲ್ಲಿ ದೋಷವೇ ಇರದೆಂದು ನಿರೀಕ್ಷಿಸುವವನು ಗಣಿತವನ್ನು ಮರೆತವನು.

ಕೆಡುವುದನ್ನು ತಪ್ಪಿಸಲಾಗದಿದ್ದರೂ ಕೆಟ್ಟದ್ದು ಕೇಡಾಗದಂತೆ ತಡೆಯಬಹುದು. ಅದಕ್ಕೆ ಉಪಾಯ, ಮುಖ್ಯ ಯಂತ್ರಗಳನ್ನು ಎರಡೆರಡಾಗಿ ಇಡುವುದು. ಒಂದು ಎಂಜಿನು ಕೆಡುವ ಸಂಭವ ನೂರರಲ್ಲಿ ಒಂದಾದರೆ, ಎರಡೂ ಒಟ್ಟಿಗೆ ಕೆಡುವ ಸಂಭವ ಹತ್ತು ಸಾವಿರದಲ್ಲಿ ಒಂದು. ಆದರೆ ಈ ಗುಣಾಕಾರಕ್ಕೆ ಒಂದು ನಿಬಂಧನೆಯುಂಟು: ಒಂದು ಕೆಡುವುದಕ್ಕೂ ಇನ್ನೊಂದು ಕೆಡುವುದಕ್ಕೂ ಸಂಬಂಧವಿರಕೂಡದು. ಹೊಸ ಹಡಗಿನಲ್ಲಿ ಈ ನಿಬಂಧನೆಯೇ ಮುರಿದುಬೀಳಬಹುದು. ಎರಡು ಎಂಜಿನುಗಳೂ ಒಂದೇ ನಕಾಸೆಯವು, ಒಂದೇ ಕೈಯವು. ನಕಾಸೆಯಲ್ಲೇ ತಪ್ಪಿದ್ದರೆ ಎರಡೂ ಒಂದೇ ರೀತಿಯಲ್ಲಿ ಕೆಡುತ್ತವೆ.

'ಕ್ವೀನ್ ಎಲಿಜಬೆತ್-2' ಹಡಗಿಗೆ ಆದದ್ದು ಇದೇ. 1967ರ ಸೆಪ್ಟೆಂಬರಿನಲ್ಲಿ ನೀರಿಗಿಳಿದ ಈ ಹಡಗು 1969ರ ಜನವರಿಯಲ್ಲಿ ಮೊದಲ ಯಾನ ಹೊರಡಬೇಕಾಗಿತ್ತು. 1968ರ ಡಿಸೆಂಬರಿನ ಪರೀಕ್ಷೆಯಲ್ಲಿ ಅದರ ಆವಿ ಟರ್ಬೈನುಗಳೆರಡರಲ್ಲೂ ಅಲಗುಗಳು ಜಖಂಗೊಂಡವು. ಆವಿಯ ಹರಿವು ಅಲಗುಗಳನ್ನು ಅವುಗಳ ಸಹಜ ಆವೃತ್ತಿಯಲ್ಲೇ ಕಂಪಿಸಿ ಆಯಾಸಗೊಳಿಸಿತ್ತು. ನಾರ್ಮಂಡಿಯ ಪ್ರಯಾಣಿಕರನ್ನು ಪೀಡಿಸಿದ ಅನುರಣನವೇ ಇಲ್ಲಿಯೂ ಕಾಣಿಸಿಕೊಂಡಿತು. ಒಡೆಯರಾದ ಕ್ಯೂನಾರ್ಡ್ ಕಂಪನಿಯವರು ಹಡಗನ್ನು ಒಪ್ಪಿಕೊಳ್ಳಲು ನಿರಾಕರಿಸಿದರು. ಟಿಕೆಟ್ಟು ಕೊಂಡಿದ್ದವರಿಗೆ ನಿರಾಶೆಯಾಯಿತು. ಟರ್ಬೈನುಗಳನ್ನು ಸರಿಪಡಿಸಿ ಮತ್ತೆ ಪರೀಕ್ಷಿಸಿದ ಬಳಿಕ, 1969ರ ಮೇ 2ರಂದು ಹಡಗು ನ್ಯೂಯಾರ್ಕಿಗೆ ಹೊರಟಿತು, 2008ರವರೆಗೆ ಸೇವೆಯಲ್ಲಿತ್ತು. ವಾಸಾದ ದೊರೆಯ ಅವಸರವನ್ನೂ ಈ ನಿರಾಕರಣೆಯನ್ನೂ ಹೋಲಿಸಿ ನೋಡಿದರೆ, ತಡವಾದ ಯಾನವು ಅಪಶಕುನವಲ್ಲ, ಪರೀಕ್ಷೆಯು ತನ್ನ ಕೆಲಸವನ್ನು ಮಾಡಿತೆಂಬುದರ ಗುರುತು ಎಂದು ತಿಳಿಯುತ್ತದೆ.

ಟೈಟಾನಿಕ್ಕನ್ನು ಮುಳುಗಿಸಿದ್ದು ಹೊಸತನವೆ?

ಮೊದಲ ಯಾನವೆಂದೊಡನೆ ಎಲ್ಲರಿಗೂ ನೆನಪಾಗುವುದು ಟೈಟಾನಿಕ್. ಆದರೆ ಅದು ತನ್ನ ನಕಾಸೆಯ ಮೊದಲ ಹಡಗಾಗಿರಲಿಲ್ಲ. ಅದರ ಅಕ್ಕನಂತಿದ್ದ 'ಒಲಿಂಪಿಕ್' 1911ರ ಜೂನಿನಿಂದಲೇ ಓಡಾಡುತ್ತಿತ್ತು ಮತ್ತು 1935ರವರೆಗೂ ಓಡಾಡಿತು. ಟೈಟಾನಿಕ್ಕನ್ನು ಮುಳುಗಿಸಿದ್ದು ಹಿಮಬಂಡೆಗಳ ಎಚ್ಚರಿಕೆ ಬಂದಿದ್ದರೂ 20 ನಾಟ್ ಮೀರಿದ ವೇಗದಲ್ಲಿ ಕತ್ತಲೆಯೊಳಗೆ ಧಾವಿಸಿದ್ದು. ಅಷ್ಟು ಜನ ಸಾಯಲು ಕಾರಣ, ಸುಮಾರು 2,200 ಜನರಿದ್ದ ಹಡಗಿನ ಜೀವರಕ್ಷಕ ದೋಣಿಗಳಲ್ಲಿ 1,178 ಜನರಿಗೆ ಮಾತ್ರ ಸ್ಥಳವಿದ್ದುದು. ಹತ್ತು ವರ್ಷ ಹಳೆಯ ಹಡಗಿಗೂ ಇದೇ ಗತಿಯಾಗುತ್ತಿತ್ತು. ಡೆನ್ಮಾರ್ಕಿನ 'ಹಾನ್ಸ್ ಹೆಡ್‌ಟಾಫ್ಟ್' 1959ರ ಜನವರಿ 30ರಂದು, ಮೊದಲ ಯಾನದ ಮರುಪಯಣದಲ್ಲಿ, ಗ್ರೀನ್ಲೆಂಡಿನ ದಕ್ಷಿಣದಲ್ಲಿ ಹಿಮಬಂಡೆಗೆ ಬಡಿದು 95 ಜನರೊಡನೆ ಮುಳುಗಿದ್ದಕ್ಕೂ ಆ ಚಳಿಗಾಲದ ಕಡಲೇ ಮುಖ್ಯ ಕಾರಣ.

ಆದರೂ ಟೈಟಾನಿಕ್ಕಿನ ಒಂದು ಸಂಗತಿಯಲ್ಲಿ ಹೊಸತನದ ಪಾಲಿದೆ. ಮೊದಲು ಇಳಿಬಿಟ್ಟ ದೋಣಿಯಲ್ಲಿ 65 ಜನಕ್ಕೆ ಸ್ಥಳವಿತ್ತು; ಅದರಲ್ಲಿದ್ದವರು 28 ಜನ. ಪೂರ್ತಿ ತುಂಬಿದ ದೋಣಿಯನ್ನು ತೂಗುಹಾಕಿ ಇಳಿಸಿದರೆ ಅದು ತಾಳೀತೆ ಎಂದು ಕೆಲವು ಅಧಿಕಾರಿಗಳು ಶಂಕಿಸಿದರು. ಅದು ತಾಳುತ್ತಿತ್ತು. ಉಕ್ಕಿಗೆ ಇದ್ದ ಬಲವು ಅದನ್ನು ಬಳಸುವವರಿಗೆ ತಿಳಿದಿರಲಿಲ್ಲ. ಹಡಗು ಹೊಸದಾದಾಗ ಸಿಬ್ಬಂದಿಯವರಿಗೂ ಅದು ಹೊಸದು. ವಾಸಾದಲ್ಲಿ ತಿಳಿದ ದೋಷವನ್ನು ಹೇಳಲಿಲ್ಲ. ಟೈಟಾನಿಕ್ಕಿನಲ್ಲಿ ಇದ್ದ ಗುಣವನ್ನು ತಿಳಿಸಲಿಲ್ಲ. ಎರಡರಲ್ಲೂ ಜೀವ ತೆತ್ತವರು ಬೇರೆಯವರು.

ಈ ದುರಂತದ ಫಲವಾಗಿ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ ಮೊದಲು ರೂಪುಗೊಂಡಿತು. ಅದನ್ನು ಹಲವು ಸಲ ಪರಿಷ್ಕರಿಸಲಾಗಿದೆ. 2010ರ ಜುಲೈಯಿಂದ ಈಚೆಗೆ ಕಟ್ಟಲು ತೊಡಗಿದ ದೊಡ್ಡ ಪ್ರಯಾಣಿಕ ಹಡಗುಗಳು, ನಿಯಮದಲ್ಲಿ ಹೇಳಿದ ಮಿತಿಯೊಳಗೆ ಬೆಂಕಿಯೋ ನೀರೋ ಒಂದು ಭಾಗವನ್ನು ಹಿಡಿದರೂ, ಸ್ವಂತ ಶಕ್ತಿಯಿಂದ ಬಂದರಿಗೆ ಮರಳುವಂತಿರಬೇಕು.

ಹಾಗಾದರೆ ಟಿಕೆಟ್ಟು?

ಇಷ್ಟು ವಿಚಾರದಿಂದ ನಮಗೆ ತಿಳಿಯುವುದೇನು? ಹೊಸ ಹಡಗಿನ ಮೊದಲ ಯಾನದಲ್ಲಿ ಪ್ರಾಣಭಯಕ್ಕಿಂತ ಹಣದ ಮತ್ತು ನೆಮ್ಮದಿಯ ನಷ್ಟದ ಸಂಭವವೇ ಹೆಚ್ಚು. ಯಾನ ಮುಂದಕ್ಕೆ ಹೋಗಬಹುದು, ಬಿಸಿನೀರು ಬಾರದಿರಬಹುದು, ಕೋಣೆ ನಡುಗಬಹುದು.

ಆ ನಷ್ಟವು ಕಾಲ ಸಂದಂತೆ ಹೇಗೆ ಇಳಿಯುತ್ತದೆ? ವಿಕಿರಣ ವಸ್ತುವಿನ ಅರ್ಧಾಯುವನ್ನು ಓದಿದವರಿಗೆ ಇದು ಸುಲಭ. ಹಡಗಿನಲ್ಲಿ 100 ಗುಪ್ತದೋಷಗಳಿದ್ದು, ಪ್ರತಿ ತಿಂಗಳೂ ಉಳಿದವುಗಳಲ್ಲಿ ಅರ್ಧ ಹೊರಬಿದ್ದು ಸರಿಯಾಗುತ್ತವೆಂದು ಕಲ್ಪಿಸೋಣ. ಮೊದಲ ತಿಂಗಳಿನ ಪ್ರಯಾಣಿಕರು 50 ದೋಷಗಳನ್ನು ಕಾಣುತ್ತಾರೆ. ಎರಡನೆಯ ತಿಂಗಳಿನವರು 25. ನಾಲ್ಕನೆಯ ತಿಂಗಳಿನವರು ಆರೋ ಏಳೋ. ಮೂರು ತಿಂಗಳು ಕಾದವನಿಗೆ ಪೀಡೆಯ ಎಂಟನೆಯ ಒಂದು ಪಾಲು ಮಾತ್ರ ಉಳಿಯುತ್ತದೆ.

ಆದ್ದರಿಂದ, ನಿಗದಿಯಾದ ದಿನಕ್ಕೆ ಹಿಂದಿರುಗಲೇಬೇಕಾದವರು, ವೃದ್ಧರನ್ನು ಜೊತೆಗೆ ಕರೆದೊಯ್ಯುವವರು, ಜೀವಮಾನದ ಉಳಿತಾಯವನ್ನು ಒಂದೇ ಪ್ರವಾಸಕ್ಕೆ ವ್ಯಯಿಸುವವರು ನಾಲ್ಕನೆಯ ತಿಂಗಳಿಗೆ ಕಾಯುವುದು ಒಳ್ಳೆಯದು. ಹಡಗನ್ನೇ ನೋಡಬೇಕು, ಮೊದಲ ಯಾನದ ಉತ್ಸವದಲ್ಲಿ ಪಾಲ್ಗೊಳ್ಳಬೇಕು, ಏರುಪೇರನ್ನು ನಗುತ್ತ ಸಹಿಸಬಲ್ಲೆವು ಎನ್ನುವವರು ಧಾರಾಳವಾಗಿ ಹೋಗಬಹುದು. ಆದರೆ ಕೊಳ್ಳುವ ಮುನ್ನ ನಾಲ್ಕು ಪ್ರಶ್ನೆಗಳನ್ನು ಕೇಳತಕ್ಕದ್ದು. ಇದು ತನ್ನ ನಕಾಸೆಯ ಮೊದಲನೆಯ ಹಡಗೆ, ಅಥವಾ ಅಕ್ಕನಂಥ ಹಡಗೊಂದು ಈಗಾಗಲೇ ಓಡುತ್ತಿದೆಯೆ? ಒಪ್ಪಿಸುವ ದಿನಕ್ಕೂ ಮೊದಲ ಯಾನಕ್ಕೂ ನಡುವೆ ವಾರಗಳೆಷ್ಟು? ಯಾನವು ಯಾವ ಋತುವಿನಲ್ಲಿ, ಯಾವ ಕಡಲಿನಲ್ಲಿ? ಯಾನ ರದ್ದಾದರೆ ಹಡಗಿನ ಹಣವಲ್ಲದೆ ಬಂದರಿಗೆ ಹೋಗುವ ವಿಮಾನದ ಹಣವೂ ಹಿಂದಿರುಗುತ್ತದೆಯೆ? ಹತ್ತಿದ ಮೇಲೆ, ಜೀವರಕ್ಷಣೆಯ ಅಭ್ಯಾಸಕ್ಕೆ ಕರೆದಾಗ ತಪ್ಪದೆ ಹೋಗಿ ನಿಮ್ಮ ದೋಣಿ ಯಾವುದೆಂದು ಕಣ್ಣಾರೆ ನೋಡಿಕೊಳ್ಳಿ. ಸಿಬ್ಬಂದಿಗೂ ನಿಮಗೂ ಹಡಗು ಹೊಸದಾಗಿರುವಾಗ ಆ ಅರ್ಧ ಗಂಟೆ ಬಹು ಬೆಲೆಯುಳ್ಳದ್ದು.

ಮಾಡಿ ನೋಡಿ

ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ಆಯತಾಕಾರದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೇಲಿಬಿಡಿ. ತಳದ ನಡುವೆ ಭಾರವಾದ ಒಂದು ಕಬ್ಬಿಣದ ತುಂಡನ್ನಿಡಿ. ಡಬ್ಬಿಯ ಒಂದು ಕೊನೆಯಲ್ಲಿ ಕಡ್ಡಿಯನ್ನು ನಿಲ್ಲಿಸಿ, ಅದರಿಂದ ದಾರದ ತುದಿಗೆ ಸಣ್ಣ ಗುಂಡನ್ನು ಇಳಿಬಿಡಿ. ಹಿಂದೆ ಕೋನಮಾಪಕವನ್ನು ಅಂಟಿಸಿ. ಈಗ ಒಂದು ನಾಣ್ಯವನ್ನು ಡಬ್ಬಿಯ ನಡುವಿನಿಂದ ಪಕ್ಕಕ್ಕೆ ಸರಿಸಿ ಕೋನವನ್ನು ಬರೆದುಕೊಳ್ಳಿ. ಮುಂದೆ ಕಬ್ಬಿಣದ ತುಂಡನ್ನು ಬೆಂಕಿಪೊಟ್ಟಣದ ಮೇಲಿಟ್ಟು ಎತ್ತರಿಸಿ, ಅದೇ ನಾಣ್ಯವನ್ನು ಅಷ್ಟೇ ದೂರ ಸರಿಸಿ. ಕೋನ ಹೆಚ್ಚುತ್ತದೆ. ಎರಡು, ಮೂರು ಬೆಂಕಿಪೊಟ್ಟಣಗಳ ಎತ್ತರಕ್ಕೆ ಏರಿಸುತ್ತ ಹೋಗಿ, ಪ್ರತಿ ಸಲವೂ ಸ್ಥಿರತೆಯ ಎತ್ತರವನ್ನು ಲೆಕ್ಕ ಹಾಕಿ. ಯಾವ ಎತ್ತರದಲ್ಲಿ ಡಬ್ಬಿ ಮಗುಚೀತೆಂದು ಮೊದಲೇ ಕಾಗದದ ಮೇಲೆ ಬರೆದಿಡಿ; ಬಳಿಕ ತುಂಡನ್ನು ಅಷ್ಟು ಎತ್ತರಕ್ಕೆ ಏರಿಸಿ ನಿಮ್ಮ ಲೆಕ್ಕ ಸರಿಯೋ ತಪ್ಪೋ ನೋಡಿ.